ಬೀಗದ ಕೈಯೊಳಗಿನ ಬಿಲ್ಲೆ

ಆರತಕ್ಷತೆಯ ಊಟ ಮುಗಿಸಿ, ತಾಂಬೂಲದ ಚೀಲಗಳನ್ನು ಹಿಡಿದು, ರಾತ್ರಿ ಹತ್ತೂವರೆ ಗಂಟೆಗೆ ಬೆಂಗಳೂರಿನ ಕಲ್ಯಾಣಮಂಟಪವೊಂದರಿಂದ ಹೊರಬಿದ್ದ ಸಂಸಾರವೊಂದನ್ನು ಊಹಿಸಿಕೊಳ್ಳಬಹುದು. ವಯಸ್ಸಾದ ತಾಯಿ, ಮಗ, ಸೊಸೆ, ಸೊಸೆಯ ಹೆಗಲ ಮೇಲೆ ನಿದ್ದೆಹೋಗಿರುವ ಎರಡು ವರ್ಷದ ಕೂಸು. ಮಗನು ಕಾರಿನ ಮುಂದೆ ನಿಂತು ಬೀಗದ ಕೈಯ ಗುಂಡಿಯನ್ನು ಒತ್ತುತ್ತಾನೆ. ಎಂದಿನಂತೆ ದೀಪಗಳು ಮಿನುಗುವುದಿಲ್ಲ. ಬಾಗಿಲ ಬೀಗ ‘ಟಕ್’ ಎನ್ನುವುದಿಲ್ಲ. ಮತ್ತೆ ಒತ್ತುತ್ತಾನೆ, ಇನ್ನೂ ಹತ್ತಿರ ಹೋಗಿ ಒತ್ತುತ್ತಾನೆ, ಕೈಯನ್ನು ಮೇಲೆತ್ತಿ ಒತ್ತುತ್ತಾನೆ. ಕಾರು ಮೌನವ್ರತ ಹಿಡಿದಂತೆ ನಿಂತಿರುತ್ತದೆ.

ಇಂತಹ ಸಮಯದಲ್ಲಿ ಸಲಹೆಗಳಿಗೆ ಬರವಿರುವುದಿಲ್ಲ. “ಬ್ಯಾಟರಿ ಹೋಗಿದೆ ಸ್ವಾಮಿ, ಇನ್ನೊಂದು ಕಾರಿನಿಂದ ತಂತಿ ಕೊಟ್ಟು ಎಬ್ಬಿಸಬೇಕು” ಎನ್ನುತ್ತಾರೆ ಒಬ್ಬರು. “ಮೆಕ್ಯಾನಿಕ್ಕನ್ನು ಕರೆಸಿ” ಎನ್ನುತ್ತಾರೆ ಮತ್ತೊಬ್ಬರು. “ಚಿಕ್ಕ ಗಾಜನ್ನು ಒಡೆದುಬಿಡಿ” ಎನ್ನುವ ಧೀರರೂ ಇರುತ್ತಾರೆ. ಕೊನೆಗೆ ಪಕ್ಕದ ಕಾರಿನ ಡ್ರೈವರು ಮುಂದೆ ಬಂದು, “ಸಾರ್, ಒಂದು ನಿಮಿಷ ಕೊಡಿ” ಎಂದು ಬೀಗದ ಕೈಯನ್ನು ಈಸಿಕೊಳ್ಳುತ್ತಾನೆ. ಅದರ ಬದಿಯ ಪುಟ್ಟ ಕೊಂಡಿಯನ್ನು ಸರಿಸಿದೊಡನೆ ಒಳಗಿನಿಂದ ತೆಳುವಾದ ಲೋಹದ ಕೀಲಿಯೊಂದು ಹೊರಬರುತ್ತದೆ. ಅದರಿಂದ ಬಾಗಿಲು ತೆರೆಯುತ್ತದೆ. ಕಳ್ಳ ಬಂದನೆಂದು ಕಾರು ಒಂದಿಷ್ಟು ಹೊತ್ತು ಅರಚಿಕೊಳ್ಳುತ್ತದೆ. ಡ್ರೈವರು ನಿಶ್ಚಿಂತನಾಗಿ ಒಳಗೆ ಕುಳಿತು, ಬ್ರೇಕನ್ನು ಮೆಟ್ಟಿ, ಸತ್ತ ಬೀಗದ ಕೈಯನ್ನೇ ಎಂಜಿನ್ ಗುಂಡಿಗೆ ತಾಗಿಸಿ ಒತ್ತುತ್ತಾನೆ. ಎಂಜಿನ್ ಮೊರೆಯುತ್ತದೆ, ಅರಚಾಟ ನಿಲ್ಲುತ್ತದೆ. ಅಷ್ಟು ಜನರ ಮುಂದೆ ಕಳೆದುಹೋದ ಮರ್ಯಾದೆಯ ಬೆಲೆ ಎಷ್ಟು? ನೂರು ರೂಪಾಯಿಯೂ ಆಗದ ಒಂದು ಬಿಲ್ಲೆ ಸೆಲ್ಲು! ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಕಾರಿನ ಕಾಲಕ್ಕೂ ಸಲ್ಲುತ್ತದೆ.

ಈ ಬಿಲ್ಲೆಯ ಮೂರ್ತಿ ಚಿಕ್ಕದು. ಅದರ ಮಹಿಮೆಯೂ ಅಪಾಯವೂ ಚಿಕ್ಕವಲ್ಲ. ಅದನ್ನು ಆರಿಸುವುದು ಹೇಗೆ, ಬದಲಾಯಿಸುವುದು ಹೇಗೆ, ಬದಲಾಯಿಸಿದ ಮೇಲೆ ಹಳೆಯದನ್ನು ಮಾಡುವುದೇನು ಎಂಬ ಮೂರು ವಿಷಯಗಳನ್ನು ಕಾರುಳ್ಳ ಪ್ರತಿಯೊಂದು ಮನೆಯವರೂ ಅರಿತಿರುವುದು ಲೇಸು. ಮೊದಲೆರಡರಲ್ಲಿ ತಪ್ಪಿದರೆ ಹೋಗುವುದು ಹಣ ಮತ್ತು ಸಮಯ. ಮೂರನೆಯದರಲ್ಲಿ ತಪ್ಪಿದರೆ ಆಗುವ ಹಾನಿಯನ್ನು ಹಣದಿಂದ ಅಳೆಯಲಾಗದು.

ಒಂದೇ ಕೈ, ಎರಡು ಕೆಲಸ

ದೂರದಿಂದಲೇ ಕಾರಿನ ಬಾಗಿಲು ತೆರೆಯುವ ಸೌಕರ್ಯವು ಯುರೋಪಿನಲ್ಲಿ ಫ್ರಾನ್ಸಿನ ರೆನೋ ಫ್ಯೂಗೋ ಕಾರಿನೊಂದಿಗೆ 1982ರಲ್ಲಿ ಬಳಕೆಗೆ ಬಂದಿತು. ಇಂದು ಮಧ್ಯಮ ವರ್ಗದ ಸಂಸಾರದ ಸಣ್ಣ ಕಾರಿಗೂ ಅದು ಬಂದಿದೆ. ಆದರೆ ಈ ಬೀಗದ ಕೈ ಒಂದಲ್ಲ, ಎರಡು ಬೇರೆ ಬೇರೆ ಕೆಲಸಗಳನ್ನು ಮಾಡುತ್ತದೆಂಬುದನ್ನು ಬಹುಮಂದಿ ಬಲ್ಲವರಲ್ಲ.

ಮೊದಲನೆಯದು ಬಾಗಿಲು ತೆರೆಯುವ ಕೆಲಸ. ಗುಂಡಿಯನ್ನು ಒತ್ತಿದಾಗ ಕೈಯೊಳಗಿನ ಪುಟ್ಟ ಪ್ರೇಷಕವು ರೇಡಿಯೋ ಅಲೆಗಳ ಮೂಲಕ ಒಂದು ಗುಪ್ತ ಸಂಖ್ಯೆಯನ್ನು ಕಾರಿಗೆ ಕಳುಹಿಸುತ್ತದೆ. ಭಾರತದಲ್ಲಿಯೂ ಯುರೋಪಿನಲ್ಲಿಯೂ ಸಾಮಾನ್ಯವಾಗಿ ಇದಕ್ಕೆ ಬಳಕೆಯಾಗುವುದು 433 ಮೆಗಾಹರ್ಟ್ಸ್ ಆಸುಪಾಸಿನ ಅಲೆಗಳು. ಒಮ್ಮೆ ಹೇಳಿದ ಸಂಖ್ಯೆಯನ್ನು ಕಳ್ಳನೊಬ್ಬನು ಕದ್ದು ಕೇಳಿ ಮತ್ತೆ ಹೇಳದಂತೆ, ಪ್ರತಿ ಸಲವೂ ಸಂಖ್ಯೆ ಬದಲಾಗುತ್ತ ಹೋಗುವ ಏರ್ಪಾಡು ಹೆಚ್ಚಿನ ಕಾರುಗಳಲ್ಲಿದೆ. ಈ ಕೆಲಸಕ್ಕೆ ಬಿಲ್ಲೆ ಸೆಲ್ಲು ಬೇಕೇ ಬೇಕು.

ಎರಡನೆಯದು ಎಂಜಿನ್ನಿಗೆ ಅಪ್ಪಣೆ ಕೊಡುವ ಕೆಲಸ. ಇದಕ್ಕಾಗಿ ಬೀಗದ ಕೈಯೊಳಗೆ ಬೇರೊಂದು ಪುಟ್ಟ ಚಿಪ್ಪು ಇರುತ್ತದೆ. ಅದಕ್ಕೆ ಸೆಲ್ಲಿನ ಹಂಗಿಲ್ಲ. ಕಾರಿನೊಳಗಿನ ತಂತಿಯ ಸುರುಳಿಯೊಂದು ಹೊಮ್ಮಿಸುವ ಅಲೆಗಳಿಂದಲೇ ಅದು ಶಕ್ತಿಯನ್ನು ಹೀರಿಕೊಂಡು ತನ್ನ ಗುರುತನ್ನು ಹೇಳುತ್ತದೆ. ಆದಕಾರಣವೇ ಸೆಲ್ಲು ಪೂರ್ತಿ ಸತ್ತಿದ್ದರೂ, ತಿರುಗಿಸುವ ಕೀಲಿಯ ಕಾರುಗಳು ಎಂದಿನಂತೆ ಹೊರಡುತ್ತವೆ. ಗುಂಡಿ ಒತ್ತಿ ಎಬ್ಬಿಸುವ ಕಾರುಗಳಲ್ಲಿ ಬೀಗದ ಕೈಯನ್ನು ಆ ಗುಂಡಿಗೆ ತಾಗಿಸಬೇಕಾಗುತ್ತದೆ, ಇಲ್ಲವೆ ಅದಕ್ಕೆಂದೇ ಇರುವ ಗೂಡಿನಲ್ಲಿ ಇಡಬೇಕಾಗುತ್ತದೆ. ಆ ಜಾಗ ಯಾವುದೆಂಬುದನ್ನು ಕಾರಿನೊಂದಿಗೆ ಬರುವ ಕೈಪಿಡಿ ಹೇಳುತ್ತದೆ. ಕೈಪಿಡಿಯನ್ನು ಕಾರಿನೊಳಗೇ ಇಟ್ಟು ಬೀಗ ಹಾಕುವುದು ವಾಡಿಕೆಯಾದ್ದರಿಂದ, ಆ ಒಂದು ಪುಟವನ್ನು ಮೊದಲೇ ಓದಿಕೊಂಡಿರುವುದು ಜಾಣತನ. ಒಳಗಡಗಿರುವ ಲೋಹದ ಕೀಲಿಯನ್ನು ಹಗಲು ಹೊತ್ತಿನಲ್ಲಿ, ಮನೆಯ ಮುಂದೆ, ಒಮ್ಮೆ ಬಳಸಿ ನೋಡಿದರೆ ಇನ್ನೂ ಲೇಸು.

ದೋಷ ಯಾರದು?

ಸೆಲ್ಲು ಹೇಳದೆ ಕೇಳದೆ ಸಾಯುವುದು ಅಪರೂಪ. ಇಪ್ಪತ್ತು ಹೆಜ್ಜೆ ದೂರದಿಂದ ತೆರೆಯುತ್ತಿದ್ದ ಬಾಗಿಲು ಐದು ಹೆಜ್ಜೆಗೆ ಬಂದರೆ, ಎರಡು ಮೂರು ಸಲ ಒತ್ತಬೇಕಾದರೆ, ಕೈಯ ಮೇಲಿನ ಕೆಂಪು ದೀಪ ಮಂಕಾದರೆ, ಅದು ಸೆಲ್ಲಿನ ಬಿನ್ನಹ. ಈಚಿನ ಕಾರುಗಳು ಮುಂದಿನ ಫಲಕದ ಮೇಲೆ ಅಕ್ಷರಗಳಲ್ಲಿಯೇ ಎಚ್ಚರಿಕೆ ಕೊಡುವುದುಂಟು. ಸಾಮಾನ್ಯವಾಗಿ ಒಂದು ಸೆಲ್ಲು ಎರಡರಿಂದ ನಾಲ್ಕು ವರ್ಷ ಬಾಳುತ್ತದೆ. ಜೇಬಿನಲ್ಲಿದ್ದಂತೆಯೇ ಬಾಗಿಲು ತೆರೆಯುವ ಬಗೆಯ ಕೈಗಳು ಕಾರಿನ ಕರೆಗೆ ಸದಾ ಕಿವಿಗೊಟ್ಟಿರುವುದರಿಂದ ಅವುಗಳ ಸೆಲ್ಲು ಬೇಗ ಸವೆಯುತ್ತದೆ. ಅಂತಹ ಕೈಯನ್ನು ಕಾರು ನಿಲ್ಲುವ ಜಾಗದ ಗೋಡೆಯ ಮೊಳೆಗೆ ತೂಗುಹಾಕುವುದಕ್ಕಿಂತ ಮನೆಯ ಒಳಭಾಗದಲ್ಲಿ ಇಡುವುದು ಒಳ್ಳೆಯದು.

ಕೈಯ ಸೆಲ್ಲೋ, ಕಾರಿನ ದೊಡ್ಡ ಬ್ಯಾಟರಿಯೋ ಎಂಬ ಸಂಶಯಕ್ಕೆ ಸುಲಭವಾದ ಪರೀಕ್ಷೆಯುಂಟು. ಕಾರಿನೊಡನೆ ಎರಡು ಕೈಗಳನ್ನು ಕೊಟ್ಟಿರುತ್ತಾರಷ್ಟೆ. ಎರಡನೆಯದು ಕೆಲಸ ಮಾಡಿದರೆ ದೋಷ ಮೊದಲನೆಯದರ ಸೆಲ್ಲಿನದು. ಎರಡೂ ಸೋತರೆ, ಒಳಗಿನ ಕೀಲಿಯಿಂದ ಬಾಗಿಲು ತೆರೆದು ನೋಡಬೇಕು. ಒಳದೀಪವೂ ಉರಿಯದಿದ್ದರೆ ದೋಷ ಕಾರಿನ ಬ್ಯಾಟರಿಯದು. ದುರ್ದೈವವೆಂದರೆ, ಆ ಎರಡನೆಯ ಕೈಯನ್ನು ಬೀರುವಿನಲ್ಲಿಟ್ಟು ಮರೆಯುವುದು ಎಲ್ಲರ ಮನೆಯ ಪದ್ಧತಿ. ಅದರೊಳಗಿನ ಸೆಲ್ಲೂ ಬೀರುವಿನಲ್ಲಿಯೇ ಮುದಿಯಾಗುತ್ತಿರುತ್ತದೆ. ಒಂದನ್ನು ಬದಲಾಯಿಸುವಾಗ ಇನ್ನೊಂದನ್ನೂ ಪರೀಕ್ಷಿಸುವುದು ಲೇಸು.

ಅಂಕಿಗಳ ಅರ್ಥ

ಅಂಗಡಿಗೆ ಹೋಗಿ “ಕಾರಿನ ಕೀಗೆ ಹಾಕುವ ಸೆಲ್ಲು ಕೊಡಿ” ಎಂದರೆ ಸಾಲದು. ಹಳೆಯ ಸೆಲ್ಲಿನ ಬೆನ್ನ ಮೇಲೆ ಸಿಆರ್ 2032 ಎಂದೋ, ಸಿಆರ್ 2025 ಎಂದೋ, ಸಿಆರ್ 1620 ಎಂದೋ ಕೆತ್ತಿರುತ್ತದೆ. ಇದು ಕಾರ್ಖಾನೆಯವರು ಮನಬಂದಂತೆ ಇಟ್ಟ ಹೆಸರಲ್ಲ; ಅಂತರರಾಷ್ಟ್ರೀಯ ಒಪ್ಪಂದದ ಸಂಕೇತ. ‘ಸಿ’ ಎಂಬುದು ಲಿಥಿಯಂ ಮತ್ತು ಮ್ಯಾಂಗನೀಸ್ ಡೈಆಕ್ಸೈಡುಗಳ ಜೋಡಿಯನ್ನು ಸೂಚಿಸುತ್ತದೆ; ‘ಆರ್’ ಎಂದರೆ ದುಂಡನೆಯದು. ಮೊದಲ ಎರಡು ಅಂಕಿಗಳು ಅಗಲ: 20 ಮಿಲಿಮೀಟರು. ಕೊನೆಯ ಎರಡು ದಪ್ಪ: 32 ಎಂದರೆ 3.2 ಮಿಲಿಮೀಟರು. ಹಾಗೆಯೇ 2025ರ ದಪ್ಪ 2.5 ಮಿಲಿಮೀಟರು, 2016ರದು 1.6. ಇಷ್ಟನ್ನು ಅರಿತರೆ ಯಾವ ಸೆಲ್ಲನ್ನಾದರೂ ನೋಡಿದೊಡನೆ ಅದರ ಅಳತೆಯನ್ನು ಹೇಳಬಹುದು.

ಇವೆಲ್ಲವೂ 3 ವೋಲ್ಟಿನವೇ. ಹಾಗಾದರೆ 2032 ಸಿಗದಿದ್ದಾಗ 2025ನ್ನು ಹಾಕಬಾರದೇಕೆ ಎಂಬ ಪ್ರಶ್ನೆ ಏಳುವುದು ಸಹಜ. ತೆಳ್ಳನೆಯದನ್ನು ಹಾಕಿದರೆ ಅದು ಸಡಿಲವಾಗಿ, ಕೈ ಜಾರಿ ಬಿದ್ದಾಗಲೆಲ್ಲ ಸಂಪರ್ಕ ತಪ್ಪುತ್ತದೆ. ಅದರಲ್ಲಿ ತುಂಬಿರುವ ಶಕ್ತಿಯೂ ಕಡಮೆ: 2032ರಲ್ಲಿ ಸುಮಾರು 220 ಮಿಲಿಆಂಪಿಯರ್ ಗಂಟೆಗಳಷ್ಟಿದ್ದರೆ 2025ರಲ್ಲಿ ಸುಮಾರು 160. ದಪ್ಪನೆಯದನ್ನು ತೆಳ್ಳನೆಯದರ ಗೂಡಿಗೆ ತುರುಕಿದರೆ ಒಳಗಿನ ಸೂಕ್ಷ್ಮವಾದ ತಗಡು ಬಾಗಿಹೋಗುತ್ತದೆ. ಬಳಿಕ ಸರಿಯಾದ ಸೆಲ್ಲೂ ಅಲ್ಲಿ ನಿಲ್ಲದು. ಇನ್ನೂ ಕೆಟ್ಟ ಉಪಾಯವೊಂದುಂಟು. 2016ರ ಎರಡು ಸೆಲ್ಲುಗಳನ್ನು ಒಂದರ ಮೇಲೊಂದು ಇಟ್ಟರೆ ದಪ್ಪ ಸರಿಯಾಗಿ 3.2 ಮಿಲಿಮೀಟರು ಆಗುವುದು ನಿಜ. ಒತ್ತಡ ಮಾತ್ರ 6 ವೋಲ್ಟಿಗೆ ಏರುತ್ತದೆ! 3 ವೋಲ್ಟಿಗೆಂದು ಮಾಡಿದ ಬೀಗದ ಕೈ ಇದರಿಂದ ಸುಟ್ಟುಹೋದೀತು. ಎಲ್‌ಐಆರ್ 2032 ಎಂಬ, ಮತ್ತೆ ಮತ್ತೆ ವಿದ್ಯುತ್ ತುಂಬಬಹುದಾದ ಸೆಲ್ಲಿಗೂ ಇಲ್ಲಿ ಸ್ಥಾನವಿಲ್ಲ. ಆಕಾರ ಒಂದೇ ಆದರೂ, ತುಂಬಿದಾಗ ಅದರ ಒತ್ತಡ 4.2 ವೋಲ್ಟು ಮುಟ್ಟುತ್ತದೆ.

ಕೊಳ್ಳುವಾಗ ಬಿಡಿ ಸೆಲ್ಲನ್ನು ಕೊಳ್ಳದೆ, ಮುಚ್ಚಿದ ಪೊಟ್ಟಣದಲ್ಲಿರುವ, ಹೆಸರುಳ್ಳ ಕಂಪೆನಿಯ, ತಾರೀಖು ಸ್ಪಷ್ಟವಾಗಿರುವ ಸೆಲ್ಲನ್ನೇ ಆರಿಸಬೇಕು. ಲಿಥಿಯಂ ಸೆಲ್ಲುಗಳು ಬಳಸದೆ ಇಟ್ಟರೆ ವರ್ಷಕ್ಕೆ ನೂರಕ್ಕೆ ಒಂದರಷ್ಟು ಮಾತ್ರ ಶಕ್ತಿ ಕಳೆದುಕೊಳ್ಳುತ್ತವೆ. ಆದರೆ ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಗಲಗಲ ಎನ್ನುತ್ತಿರುವ ಸೆಲ್ಲುಗಳು ಒಂದಕ್ಕೊಂದು ತಾಗಿ, ಕೊಳ್ಳುವ ಮೊದಲೇ ಬರಿದಾಗಿರಬಹುದು. ಮಕ್ಕಳು ಬಾಯಿಗೆ ಹಾಕಿದರೆ ಉಗುಳಲೆಂದು ಕಹಿಯನ್ನು ಲೇಪಿಸಿದ ಸೆಲ್ಲುಗಳೂ ಈಗ ದೊರೆಯುತ್ತವೆ. ಮಕ್ಕಳಿರುವ ಮನೆಗೆ ಅವು ಉತ್ತಮ. ಆದರೆ ಆ ಲೇಪದಿಂದ ಕೆಲವು ಉಪಕರಣಗಳಲ್ಲಿ ಸಂಪರ್ಕ ಸರಿಯಾಗಿ ಆಗುವುದಿಲ್ಲವೆಂಬುದು ನೆನಪಿರಲಿ.

ಬದಲಾಯಿಸುವ ಕ್ರಮ

ಕೆಲಸ ಐದು ನಿಮಿಷದ್ದು. ಮೇಜಿನ ಮೇಲೆ ಬಿಳಿಯ ಬಟ್ಟೆಯೊಂದನ್ನು ಹಾಸಿಕೊಂಡರೆ ಚಿಕ್ಕ ಚೂರುಗಳು ಉರುಳಿಹೋಗುವುದಿಲ್ಲ. ಮೊದಲು ಲೋಹದ ಕೀಲಿಯನ್ನು ಹೊರಗೆಳೆಯಬೇಕು. ಅನೇಕ ಕೈಗಳಲ್ಲಿ ಆ ಕೀಲಿಯಿದ್ದ ಸಂದಿನಲ್ಲಿಯೇ ಚಿಪ್ಪನ್ನು ಬಿಡಿಸುವ ಸೀಳು ಇರುತ್ತದೆ. ಚಪ್ಪಟೆ ತುದಿಯ ಚಿಕ್ಕ ಸ್ಕ್ರೂಡ್ರೈವರಿಗೆ ತೆಳುವಾದ ಬಟ್ಟೆ ಸುತ್ತಿ ಆ ಸೀಳಿನಲ್ಲಿಟ್ಟು ಮೆಲ್ಲನೆ ತಿರುಗಿಸಿದರೆ ಚಿಪ್ಪು ಎರಡಾಗುತ್ತದೆ. ಚಾಕುವಿನಿಂದ ಸುತ್ತಲೂ ಮೀಟಿದರೆ ಅಂಚು ಮುರಿಯುವುದಲ್ಲದೆ ಬೆರಳೂ ಕೊಯ್ಯುತ್ತದೆ. ಕೆಲವು ಕೈಗಳಲ್ಲಿ ಸಣ್ಣ ಸ್ಕ್ರೂ ಇರುವುದುಂಟು. ಅದನ್ನು ಬಿಚ್ಚದೆ ಬಲಾತ್ಕರಿಸಬಾರದು.

ಒಳಗೆ ಸೆಲ್ಲು ಹೇಗೆ ಕುಳಿತಿದೆಯೆಂಬುದನ್ನು ನೋಡಿಕೊಂಡ ಮೇಲೆಯೇ ಅದನ್ನು ತೆಗೆಯಬೇಕು. ಅಕ್ಷರಗಳನ್ನು ಕೆತ್ತಿರುವ ಅಗಲವಾದ ಮುಖವೂ ಅದರ ಅಂಚೂ ಧನಧ್ರುವ. ಇನ್ನೊಂದು ಬದಿಯ ಕಿರಿದಾದ ಮುಖ ಋಣಧ್ರುವ. ಕೂಡಿಸಂಕೇತದ ಮುಖ ಮೇಲಿತ್ತೋ ಕೆಳಗಿತ್ತೋ ಎಂಬುದೊಂದನ್ನು ಮರೆತರೆ ಅರ್ಧ ಗಂಟೆ ಪೇಚಾಡಬೇಕಾಗುತ್ತದೆ. ಕೈಯಲ್ಲಿ ಫೋನಿದ್ದರೆ ಒಂದು ಚಿತ್ರ ತೆಗೆದುಕೊಂಡರೆ ಸಾಕು. ಹೊಸ ಸೆಲ್ಲನ್ನು ಅಂಚಿನಲ್ಲಿ ಹಿಡಿದು ಕೂರಿಸಬೇಕು. ಲೋಹದ ಚಿಮಟದಿಂದ ಎರಡು ಮುಖಗಳನ್ನೂ ಹಿಡಿದರೆ ಆ ಕ್ಷಣದಲ್ಲಿಯೇ ವಿದ್ಯುತ್ತು ಸೋರಿಹೋಗುತ್ತದೆ. ಬೆರಳಿನ ಜಿಡ್ಡು ತಗುಲಿದ್ದರೆ ಒಣಬಟ್ಟೆಯಿಂದ ಒರೆಸಿದರಾಯಿತು. ಒಳಗಿನ ತಗಡುಗಳನ್ನು ಬಾಗಿಸಬಾರದು. ಹಸಿರು ಫಲಕವನ್ನು ಮುಟ್ಟಬಾರದು. ಚಿಪ್ಪನ್ನು ಮುಚ್ಚುವಾಗ ರಬ್ಬರಿನ ಅಂಚು ಸರಿಯಾಗಿ ಕುಳಿತಿದೆಯೆ ಎಂದು ನೋಡಬೇಕು. ಮಳೆಗಾಲದಲ್ಲಿ ನೀರನ್ನು ತಡೆಯುವುದು ಅದೇ.

ಸೆಲ್ಲು ತೆಗೆದರೆ ಗುಪ್ತ ಸಂಖ್ಯೆ ಅಳಿಸಿಹೋಗುವುದೆಂಬ ಅಂಜಿಕೆಗೆ ಕಾರಣವಿಲ್ಲ. ಆ ನೆನಪು ವಿದ್ಯುತ್ತಿಲ್ಲದೆಯೂ ಉಳಿಯುವಂತಹುದು. ಕೆಲವೇ ಮಾದರಿಗಳಲ್ಲಿ ಕೈಯನ್ನೂ ಕಾರನ್ನೂ ಮತ್ತೆ ಪರಿಚಯ ಮಾಡಿಸಬೇಕಾಗುತ್ತದೆ. ಅದರ ಕ್ರಮ ಕೈಪಿಡಿಯಲ್ಲಿರುತ್ತದೆ.

ಹಳೆಯದು ಎಲ್ಲಿ?

ಬಾಗಿಲು ‘ಟಕ್’ ಎಂದು ತೆರೆದೊಡನೆ ಕೆಲಸ ಮುಗಿಯಿತೆಂದು ಎಲ್ಲರೂ ಎದ್ದುಹೋಗುತ್ತಾರೆ. ಹಳೆಯ ಬಿಲ್ಲೆ ಕಾಫಿ ಲೋಟದ ಪಕ್ಕದಲ್ಲಿ ಮಿರಮಿರನೆ ಮಿಂಚುತ್ತ ಬಿದ್ದಿರುತ್ತದೆ. ಕೆಲಸ ನಿಜವಾಗಿ ಮುಗಿಯದಿರುವುದು ಇಲ್ಲಿಯೇ.

ಹೆಚ್ಚುಕಡಮೆ ಒಂದು ರೂಪಾಯಿ ನಾಣ್ಯದಷ್ಟು ಅಗಲವಾದ ಈ ಬಿಲ್ಲೆ, ಎರಡು ಮೂರು ವರ್ಷದ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವಂತಹ ಗಾತ್ರದ್ದು. ನಾಣ್ಯ ಸಿಕ್ಕಿಕೊಂಡರೆ ಅದು ಬರಿಯ ಅಡಚಣೆ. ಸೆಲ್ಲು ಸಿಕ್ಕಿಕೊಂಡರೆ ಅದು ಬೆಂಕಿ. ಅದರ ಎರಡು ಮುಖಗಳ ನಡುವೆ ಮಗುವಿನ ಒದ್ದೆಯಾದ ಮಾಂಸವೇ ತಂತಿಯಾಗಿ ವಿದ್ಯುತ್ತು ಹರಿಯುತ್ತದೆ. ಋಣಧ್ರುವದ ಬಳಿ ಜೊಲ್ಲಿನ ನೀರು ಒಡೆದು ಸುಡುವ ಕ್ಷಾರ ಹುಟ್ಟುತ್ತದೆ. ಎರಡು ಗಂಟೆಗಳಷ್ಟು ಅಲ್ಪ ಕಾಲದಲ್ಲಿಯೇ ತೀವ್ರವಾದ ಗಾಯವಾಗಬಲ್ಲುದು. ಗಾಯವು ಆಳಕ್ಕೆ ಇಳಿದು ಪಕ್ಕದ ಶ್ವಾಸನಾಳವನ್ನಾಗಲಿ ದೊಡ್ಡ ರಕ್ತನಾಳವನ್ನಾಗಲಿ ಮುಟ್ಟಿದರೆ ಜೀವಕ್ಕೇ ಸಂಚಕಾರ.

“ಸೆಲ್ಲು ಸತ್ತಿದೆಯಲ್ಲ!” ಎಂಬ ಸಮಾಧಾನ ಇಲ್ಲಿ ಸಲ್ಲದು. ಕಾರಿನ ಬಾಗಿಲು ತೆರೆಯಲಾರದಷ್ಟು ಸೊರಗಿದ ಸೆಲ್ಲಿನಲ್ಲಿ ಎರಡು ವೋಲ್ಟಿಗೂ ಹೆಚ್ಚು ಒತ್ತಡ ಉಳಿದಿರುವುದು ಸಾಮಾನ್ಯ. ನೀರನ್ನು ಒಡೆಯಲು ಒಂದೂಕಾಲು ವೋಲ್ಟಿನಷ್ಟು ಸಾಕು. ಯಂತ್ರಕ್ಕೆ ಸತ್ತದ್ದು ಮಗುವಿಗೆ ಸತ್ತಿರುವುದಿಲ್ಲ. ಅಮೆರಿಕದಲ್ಲಿ ಇಂತಹ ಸೆಲ್ಲೊಂದನ್ನು ನುಂಗಿ 2020ರಲ್ಲಿ ತೀರಿಕೊಂಡ ಒಂದೂವರೆ ವರ್ಷದ ಹೆಣ್ಣುಮಗುವಿನ ಹೆಸರಿನಲ್ಲಿ, ಅಲ್ಲಿನ ಸರಕಾರ 2022ರಲ್ಲಿ ರೀಸ್ ಕಾನೂನು ಎಂಬ ಶಾಸನವನ್ನೇ ಮಾಡಿತು. ಸೆಲ್ಲಿನ ಗೂಡನ್ನು ಮಕ್ಕಳು ಸುಲಭವಾಗಿ ತೆರೆಯುವಂತಿರಬಾರದೆಂಬುದು ಅದರ ಮುಖ್ಯ ವಿಧಿ. ಆಸ್ಟ್ರೇಲಿಯದಲ್ಲಿಯೂ ಅಂತಹ ಕಟ್ಟಳೆ 2022ರಿಂದ ಜಾರಿಯಲ್ಲಿದೆ.

ಮಗು ಸೆಲ್ಲು ನುಂಗಿರಬಹುದೆಂಬ ಸಂಶಯ ಬಂದರೆ ಸಾಕು, ಖಚಿತವಾಗಲೆಂದು ಕಾಯಬಾರದು. ಜೊಲ್ಲು ಸುರಿಯುವುದು, ಊಟ ಬೇಡವೆನ್ನುವುದು, ಕೆಮ್ಮು, ವಾಂತಿ ಇವು ಲಕ್ಷಣಗಳು. ಕೆಲವು ಮಕ್ಕಳಲ್ಲಿ ಮೊದಮೊದಲು ಯಾವ ಲಕ್ಷಣವೂ ಕಾಣದಿರಬಹುದು. ಕೂಡಲೇ 108ಕ್ಕೆ ಕರೆ ಮಾಡಿ, ಇಲ್ಲವೆ ಸಿಕ್ಕಿದ ವಾಹನದಲ್ಲಿ, ಕ್ಷ-ಕಿರಣದ ಸೌಲಭ್ಯವುಳ್ಳ ದೊಡ್ಡ ಆಸ್ಪತ್ರೆಗೆ ಹೋಗಿ, “ಮಗು ಸೆಲ್ಲು ನುಂಗಿರಬಹುದು” ಎಂದು ಮೊದಲ ಮಾತಿನಲ್ಲಿಯೇ ಹೇಳಬೇಕು. ಕ್ಷ-ಕಿರಣದ ಚಿತ್ರದಲ್ಲಿ ಸೆಲ್ಲಿನ ಅಂಚು ಜೋಡಿ ಬಳೆಯಂತೆ ಕಾಣುವುದರಿಂದ ವೈದ್ಯರು ಅದನ್ನು ನಾಣ್ಯದಿಂದ ಬೇರೆಯಾಗಿ ಗುರುತಿಸಬಲ್ಲರು. ವಾಂತಿ ಮಾಡಿಸಬಾರದು, ಬಾಳೆಹಣ್ಣು, ಅನ್ನದ ಉಂಡೆ ಮೊದಲಾದ ಮನೆಯ ಉಪಾಯಗಳನ್ನು ಮಾಡಬಾರದು. ಒಂದು ವರ್ಷ ತುಂಬಿದ ಮಗುವಾಗಿದ್ದು, ನುಂಗಿ ಹನ್ನೆರಡು ಗಂಟೆ ಕಳೆದಿಲ್ಲದೆ, ಮಗು ನುಂಗಲು ಶಕ್ತವಾಗಿದ್ದರೆ, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪವನ್ನು, ಆರು ಸಲಕ್ಕೆ ಮೀರದಂತೆ, ಕೊಡಬಹುದೆಂದು ಅಮೆರಿಕದ ವಿಷಚಿಕಿತ್ಸಾ ತಜ್ಞರ ಸಲಹೆಯಿದೆ. ಜೇನು ಗಾಯದ ವೇಗವನ್ನು ತಗ್ಗಿಸುತ್ತದೆಯೇ ಹೊರತು ಚಿಕಿತ್ಸೆಯಲ್ಲ. ಅದನ್ನು ಹುಡುಕುತ್ತ ಒಂದು ನಿಮಿಷವೂ ತಡಮಾಡಬಾರದು. ವರ್ಷ ತುಂಬದ ಕೂಸಿಗೆ ಜೇನು ಕೂಡದು. ಮೂಗಿಗೋ ಕಿವಿಗೋ ಸೆಲ್ಲು ತುರುಕಿಕೊಂಡಿದ್ದರೂ ಅವಸರ ಇಷ್ಟೇ. ಅಂತಹ ಕಿವಿಗೆ, ಮೂಗಿಗೆ ಯಾವ ಹನಿಯನ್ನೂ ಬಿಡಬಾರದು.

ಇಷ್ಟೆಲ್ಲ ಅನಾಹುತವನ್ನು ತಡೆಯುವ ಉಪಾಯ ಎಷ್ಟು ಸುಲಭ! ಹಳೆಯ ಸೆಲ್ಲನ್ನು ತೆಗೆದ ಕ್ಷಣವೇ ಅದರ ಎರಡು ಮುಖಗಳಿಗೂ ಅಂಟುಪಟ್ಟಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಮಗುವಿನ ಕೈಗೆಟುಕದ ಮೇಲಿನ ಗೂಡಿನಲ್ಲಿಡಬೇಕು. ಹೊಸ ಸೆಲ್ಲುಗಳ ಪೊಟ್ಟಣಕ್ಕೂ ಅದೇ ಸ್ಥಳ. ಅಂಟುಪಟ್ಟಿ ಸುತ್ತುವುದರಿಂದ ಸೆಲ್ಲುಗಳು ಒಂದಕ್ಕೊಂದು ತಾಗಿ ಬಿಸಿಯೇರುವುದೂ ತಪ್ಪುತ್ತದೆ. ಕಸದ ಬುಟ್ಟಿಗೆ ಎಸೆಯುವುದು ಸಲ್ಲದು. ಭಾರತ ಸರಕಾರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಇವನ್ನು ಮನೆಯ ಇತರ ಕಸದಿಂದ ಬೇರೆಯಾಗಿ, ಸಂಗ್ರಹಿಸುವವರಿಗೆ ಒಪ್ಪಿಸಬೇಕು. ವಿದ್ಯುನ್ಮಾನ ತ್ಯಾಜ್ಯವನ್ನು ಸ್ವೀಕರಿಸುವ ಕೇಂದ್ರಕ್ಕೆ ವರ್ಷಕ್ಕೊಮ್ಮೆ ಡಬ್ಬಿಯನ್ನು ಒಯ್ದರಾಯಿತು. ಬೀಗದ ಕೈಯ ಚಿಪ್ಪು ಸಡಿಲವಾಗಿದ್ದರೆ ಅದನ್ನು ಮಗುವಿಗೆ ಆಟಕ್ಕೆ ಕೊಡುವ ಅಭ್ಯಾಸವನ್ನಂತೂ ಅಂದೇ ಬಿಡಬೇಕು.

ಆರತಕ್ಷತೆಯ ಮರುದಿನ ಬೆಳಿಗ್ಗೆ ಆ ಸಂಸಾರದ ಊಟದ ಮೇಜಿನ ಮೇಲೆ ಹೊಸ ಸೆಲ್ಲಿನ ಪ್ರತಿಷ್ಠಾಪನೆ ನಡೆಯುತ್ತದೆ. ಮಗನು ಬಾಗಿಲಿಗೆ ಓಡಿ ಗುಂಡಿ ಒತ್ತುತ್ತಾನೆ, ದೀಪಗಳು ಮಿನುಗುತ್ತವೆ, ಸೊಸೆ ನಗುತ್ತಾಳೆ, ಕೂಸು ಚಪ್ಪಾಳೆ ತಟ್ಟುತ್ತದೆ. ಆಗ, ಕಾರಿನ ಗೊಡವೆಯೇ ಇಲ್ಲದ ಅಜ್ಜಿ ಕನ್ನಡಕವನ್ನು ಸರಿಪಡಿಸಿಕೊಂಡು ಮೇಜಿನತ್ತ ನೋಡಿ ಕೇಳಬೇಕಾದ ಮಾತು ಇದೊಂದೇ:

“ಎಲ್ಲಾ ಸರಿಯಪ್ಪ, ಹಳೆಯದನ್ನು ಎಲ್ಲಿಟ್ಟೆ?”